ಪೇಟೆಂಟ್ ಮಾಡಿಸೋಕೆ ಎರಡು ಕಡೆ ದುಡ್ಡು ಕೊಟ್ಟೆ, ಒಂದು ಕಡೆ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು

ಹೋಟ್ಲಿಗೆ, ಹೋಂಸ್ಟೇಗೆ, ಬೈಕ್ ಶೋರೂಮಿಗೆ ಎಲ್ಲಾ ರಿವ್ಯೂ ಬರೀತಾರೆ, ಪೇಟೆಂಟ್ ಫೈಲ್ ಮಾಡಿಕೊಡೋರ ಬಗ್ಗೆ ಕನ್ನಡದಲ್ಲಿ ಯಾರೂ ಬರ್ದಿದ್ದು ನನ್ನ ಕಣ್ಣಿಗಂತೂ ಬಿದ್ದಿಲ್ಲ, ಅದಕ್ಕೇ ನಾನೇ ಬರೀತಿದೀನಿ. ಉದ್ದ ಆಗುತ್ತೆ, ಪುರುಸೊತ್ತಿದ್ರೆ ಓದಿ. ಎರಡೂ ಕಡೆಯವರ ಹೆಸರು ಹಾಕಲ್ಲ, ಮೊದಲನೆಯವರ ಹೆಸರು ಹಾಕಿ ತಲೆನೋವು ತಂದ್ಕೊಳ್ಳೋದು ಬೇಡ, ಎರಡನೆಯವರು ಹಾಕ್ಬೇಡಿ ಅಂದಿದಾರೆ, ಈಗಲೇ ಫೋನ್ ಎತ್ತೋಕೆ ಆಗ್ತಿಲ್ವಂತೆ.

ನಮ್ಮದು ತೀರ್ಥಹಳ್ಳಿಯಿಂದ ಸ್ವಲ್ಪ ಆಚೆ ಒಂದು ಲೇತ್ ವರ್ಕ್‌ಶಾಪ್. ಗೇಟು, ಗ್ರಿಲ್ಲು, ಪವರ್ ಟಿಲ್ಲರ್ ರಿಪೇರಿ, ಅಡಿಕೆ ಸೀಸನ್ ಬಂತು ಅಂದ್ರೆ ಸುಲಿಯೋ ಮಷೀನ್ ರಿಪೇರಿ. ನಮ್ಮಪ್ಪನ ಕಾಲದಲ್ಲಿ ಮೆಟ್ಟುಗತ್ತಿ ಇಟ್ಕೊಂಡು ಹತ್ತು ಜನ ಅಂಗಳದಲ್ಲಿ ಕೂತು ರಾತ್ರಿ ಹನ್ನೆರಡರ ತನಕ ಕತೆ ಹೇಳ್ಕೊಂಡು ಸುಲೀತಿದ್ರು, ಈಗ ಜನ ಎಲ್ಲಿ ಸಿಗ್ತಾರೆ, ಮಷೀನೇ ಗತಿ. ಹಸಿ ಅಡಿಕೆ ಸುಲಿಯೋ ಮಷೀನಿನ ದೊಡ್ಡ ರಗಳೆ ಎಂತದು ಅಂದ್ರೆ ನಾರು. ಸಿಪ್ಪೆಯ ಹಸಿ ನಾರು ಹೋಗಿ ರೋಲರ್‌ಗೆ ಸುತ್ಕೊಳ್ಳುತ್ತೆ, ಸುತ್ತಿ ಸುತ್ತಿ ಹಗ್ಗದ ಹಾಗೆ ಬಿಗಿಯಾಗಿ ಮೋಟ್ರು ಗೊರ್ ಅನ್ನುತ್ತೆ, ಆಗ ನಿಲ್ಲಿಸಿ ಬ್ಲೇಡಲ್ಲಿ ಕುಯ್ದು ತೆಗೀಬೇಕು, ಅವಸರದಲ್ಲಿ ಮೋಟ್ರು ಆಫ್ ಮಾಡದೆ ಕೈ ಹಾಕಿ ಬೆರಳು ಕಳ್ಕೊಂಡೋರು ನಮ್ಮೂರಲ್ಲೇ ಇಬ್ಬರಿದಾರೆ.

2021ರ ಕೊಯ್ಲಲ್ಲಿ ನಾನು ಅದಕ್ಕೊಂದು ಬಾಚಣಿಗೆ ಮಾಡಿದೆ. ಕಬ್ಬಿಣದ ಎಂಟು ಹಲ್ಲು, ರೋಲರ್ ಪಕ್ಕ ಕೂತು ನಾರು ಬಾಚುತ್ತೆ. ಕೆಲಸ ಮಾಡ್ತು. ನೋಡಿದೋರೆಲ್ಲ ಪೇಟೆಂಟ್ ಮಾಡಿಸು ಮಾರಾಯ, ಇಲ್ದಿದ್ರೆ ಶಿವಮೊಗ್ಗ ಆಟೋ ಕಾಂಪ್ಲೆಕ್ಸಲ್ಲಿ ನಾಳೆನೇ ಕಾಪಿ ಹೊಡೀತಾರೆ ಅಂದ್ರು. ನಾನೂ ಮೊಬೈಲಲ್ಲಿ ಹುಡುಕಿದೆ. ಹುಡುಕಿದ್ದೇ ತಡ, ಅರ್ಧ ಗಂಟೆಲ್ಲಿ ಫೋನ್ ಬಂತು.

ಇಲ್ಲಿಂದ ಮೊದಲನೇ ರಿವ್ಯೂ.

ಅದೊಂದು ಆನ್‌ಲೈನ್ ಕಂಪನಿ. ಜಿಎಸ್‌ಟಿ, ಟ್ರೇಡ್‌ಮಾರ್ಕ್, ಫುಡ್ ಲೈಸೆನ್ಸ್, ಪೇಟೆಂಟ್ ಎಲ್ಲಾ ಒಂದೇ ಕಡೆ, ದಿನಸಿ ಅಂಗಡಿ ಹಾಗೆ. ಮಾತಾಡಿದ ಹುಡುಗ ಬಹಳ ಚೆನ್ನಾಗಿ ಮಾತಾಡಿದ. ಪ್ಯಾಕೇಜ್ 14,999, ನೂರಕ್ಕೆ ನೂರು ಗ್ಯಾರಂಟಿ ಸಾರ್ ಅಂದ. ಪೇಟೆಂಟಿಗೆ ಗ್ಯಾರಂಟಿ ಅಂತ ಯಾವನಾದ್ರೂ ಹೇಳಿದ್ರೆ ಅಲ್ಲೇ ಫೋನ್ ಇಟ್ಬಿಡಿ, ಕೊಡೋದು ಬಿಡೋದು ಪೇಟೆಂಟ್ ಆಫೀಸಿನ ಕಂಟ್ರೋಲರ್ ಕೈಲಿರೋದು, ಇವನೆಂತ ಗ್ಯಾರಂಟಿ ಕೊಡೋದು. ಆಗ ನಂಗೆ ಇದೆಲ್ಲ ಗೊತ್ತಿರ್ಲಿಲ್ಲ, ಗೂಗಲ್ ಪೇ ಮಾಡ್ದೆ.

ಒಂದು ಫಾರ್ಮ್ ಕಳಿಸಿದ್ರು, ಹೆಸರು, ಆಧಾರ್, ಇನ್ವೆನ್ಷನ್ ಬಗ್ಗೆ ಐದು ಸಾಲು. ಎರಡು ಫೋಟೋ ಕೇಳಿದ್ರು. ಅಷ್ಟೇ. ಹೆಂಗೆ ಕೆಲಸ ಮಾಡುತ್ತೆ, ಮೊದಲು ಎಂತ ಇತ್ತು, ಯಾರಿಗೆ ತೋರ್ಸಿದೀರಿ, ಒಂದು ಪ್ರಶ್ನೆ ಇಲ್ಲ. ವಾರದಲ್ಲಿ ಫೈಲ್ ಆಯ್ತು ಅಂತ ಒಂದು ನಂಬರ್ ಬಂತು, 2022ರ ಫೆಬ್ರವರಿ. ಸ್ವೀಟ್ ತಂದು ಹಂಚಿದೆ ನಾನು. ಆ ಹುಡುಗ ಇನ್ನು ಮಷೀನ್ ಮೇಲೆ ಪೇಟೆಂಟೆಡ್ ಅಂತ ಹಾಕ್ಕೊಳ್ಳಿ ಸಾರ್ ಅಂದ, ಹಾಕಿಸಿದೆ, ಕೆಂಪು ಸ್ಟಿಕರ್, ಶಿವಮೊಗ್ಗದಲ್ಲಿ ಪ್ರಿಂಟ್ ಹೊಡೆಸಿ.

ಅವರು ಫೈಲ್ ಮಾಡಿದ್ದು ಪ್ರೊವಿಷನಲ್. ಅಂದ್ರೆ ತಾತ್ಕಾಲಿಕ ಅರ್ಜಿ. ಇದು ಕೆಟ್ಟದ್ದೇನಲ್ಲ, ಇನ್ನೂ ಪೂರ್ತಿ ಆಗದ ಕೆಲಸಕ್ಕೆ ಒಂದು ತಾರೀಖು ಹಿಡಿದಿಡೋ ದಾರಿ ಅದು, ನಮ್ಮ ದೇಶದಲ್ಲಿ ಯಾರು ಮೊದಲು ಮಾಡಿದ್ರು ಅನ್ನೋದಲ್ಲ, ಯಾರು ಮೊದಲು ಅರ್ಜಿ ಹಾಕಿದ್ರು ಅನ್ನೋದು ಲೆಕ್ಕ, ಹಾಗಾಗಿ ತಾರೀಖಿಗೆ ಬೆಲೆ ಇದೆ. ಆದ್ರೆ ಅಲ್ಲಿಂದ 12 ತಿಂಗಳ ಒಳಗೆ ಕಂಪ್ಲೀಟ್ ಸ್ಪೆಸಿಫಿಕೇಷನ್ ಅಂತ ಪೂರ್ತಿ ಬರಹ ಹಾಕ್ಬೇಕು, ಹಾಕ್ಲಿಲ್ಲ ಅಂದ್ರೆ ಅರ್ಜಿ ಬಿಟ್ಟುಬಿಟ್ಟಂಗೆ ಲೆಕ್ಕ. ಇದು ಕಾಯ್ದೆಯಲ್ಲೇ ಇರೋ ಗಡುವು, ಒಂದು ದಿನ ಲೇಟಾದ್ರೂ ಹೋಯ್ತು. ನಂಗೆ ಇದನ್ನ ಹೇಳ್ಲೇ ಇಲ್ಲ. ಮೇಲ್ ಹಾಕಿದ್ವಿ ಅಂತಾರೆ, ಮೇಲ್ ಯಾವನು ನೋಡ್ತಾನೆ, ನಾನು ನೋಡೋದು ವಾಟ್ಸಾಪ್. ಆ ಹುಡುಗ ಕೆಲಸ ಬಿಟ್ಟಿದ್ದ, ಅವನ ನಂಬರಿಗೆ ಮಾಡಿದ್ರೆ ಬೇರೆ ಯಾರೋ ಹುಡುಗಿ ಎತ್ತಿ ನಿಮ್ಮ ಬ್ರ್ಯಾಂಡಿಗೆ ಟ್ರೇಡ್‌ಮಾರ್ಕ್ ಮಾಡ್ಸಿ ಸಾರ್ ಅಂತ ಹೊಸ ಪ್ಯಾಕೇಜ್ ಹೇಳ್ತಾಳೆ.

2023ರ ಆಗಸ್ಟಲ್ಲಿ, ಮಳೆಗಾಲ, ಕೆಲಸ ಕಮ್ಮಿ, ನನ್ನ ಭಾವನ ಮಗ ಇಂಜಿನಿಯರಿಂಗ್ ಓದೋನು ಮನೆಗೆ ಬಂದಿದ್ದ, ಅವನೇ ವೆಬ್‌ಸೈಟಲ್ಲಿ ನಂಬರ್ ಹಾಕಿ ನೋಡಿ ಹೇಳಿದ್ದು, ಮಾವ ಇದು ಯಾವತ್ತೋ ಹೋಗಿದೆ ಅಂತ. ಆಮೇಲೆ ಅವರು ಹಾಕಿದ ಅರ್ಜಿ ತೆಗ್ಸಿ ಓದಿಸಿದೆ. ಒಂದೂವರೆ ಪುಟ. ಚಿತ್ರ ಇಲ್ಲ. ಈ ಮಷೀನು ಕಮ್ಮಿ ಖರ್ಚಿಂದು, ಪರಿಣಾಮಕಾರಿ, ರೈತರಿಗೆ ಉಪಯೋಗ ಅಂತ ಪಾಂಪ್ಲೆಟ್ ಥರ ಬರ್ದಿದ್ರು. ಅದರಲ್ಲೂ ಒಂದು ಕಡೆ ಅಡಿಕೆ ಬದಲು ವೀಳ್ಯದೆಲೆ ಸುಲಿಯೋ ಮಷೀನ್ ಅಂತ ಇತ್ತು ಮಾರಾಯ್ರೆ. ಇಂಗ್ಲಿಷಲ್ಲಿ ಎರಡಕ್ಕೂ ಒಂದೇ ಪದ ಓಡಾಡುತ್ತಲ್ಲ, ಹೊಡ್ಕೊಂಡು ಹೋಗಿದಾರೆ. ವೀಳ್ಯದೆಲೆ ಎಂತ ಸುಲಿಯೋದು!

ಮೊದಲನೆಯವರಿಗೆ ಐದರಲ್ಲಿ ಅರ್ಧ ಸ್ಟಾರ್. ಅರ್ಧ ಎಂತಕ್ಕೆ ಅಂದ್ರೆ ಸರ್ಕಾರಿ ಫೀಸ್ ನಿಜವಾಗ್ಲೂ ಕಟ್ಟಿದ್ರು, ಅದು 1,600 ರೂಪಾಯಿ. ಮಿಕ್ಕಿದ್ದು ಒಂದೂವರೆ ಪುಟಕ್ಕೆ.

ಎರಡನೆಯವರು ಸಿಕ್ಕಿದ್ದು ಬೆಂಗಳೂರಲ್ಲಿ. ಪೇಟೆಂಟ್ ಏಜೆಂಟ್ ಅನ್ನೋದು ಸುಮ್ಮನೆ ಬೋರ್ಡ್ ಹಾಕ್ಕೊಳ್ಳೋ ಕೆಲಸ ಅಲ್ಲ, ಸೈನ್ಸೋ ಇಂಜಿನಿಯರಿಂಗೋ ಡಿಗ್ರಿ ಇರ್ಬೇಕು, ಪೇಟೆಂಟ್ ಆಫೀಸ್ ನಡೆಸೋ ಪರೀಕ್ಷೆ ಪಾಸಾಗಿ ರಿಜಿಸ್ಟ್ರಿಯಲ್ಲಿ ಹೆಸರು ಇರ್ಬೇಕು, ಆ ಪಟ್ಟಿ ಅವರ ವೆಬ್‌ಸೈಟಲ್ಲೇ ಇದೆ, ಯಾರು ಬೇಕಾದ್ರೂ ನೋಡ್ಬಹುದು. ಭಾವನ ಮಗ ಪಟ್ಟಿ ನೋಡಿ ನಾಲ್ಕೈದು ಜನಕ್ಕೆ ಫೋನ್ ಮಾಡಿದ, ಒಬ್ಬರು ಕೊಪ್ಪ ಕಡೆಯ ಮೇಡಂ ಸಿಕ್ಕಿದ್ರು, ಮೆಕ್ಯಾನಿಕಲ್ ಓದಿರೋರು. ಅಡಿಕೆ ಅಂದ ಕೂಡ್ಲೇ ಹಸಾನಾ, ಗೋಟಾ (ಹಣ್ಣಾಗಿ ಒಣಗಿದ್ದಾ) ಅಂತ ಕೇಳಿದ್ರು. ಅಲ್ಲೇ ನಂಗೆ ಅರ್ಧ ಧೈರ್ಯ ಬಂತು.

ಅವರ ಮೊದಲ ಪ್ರಶ್ನೆ ಮಷೀನ್ ಬಗ್ಗೆ ಅಲ್ಲ. ಯಾರಿಗೆ ಮಾರಿದೀರಿ ಅಣ್ಣ, ಯಾವ ತಾರೀಖು, ವಿಡಿಯೋ ಎಲ್ಲಾದ್ರೂ ಹಾಕಿದೀರಾ. ನಾನು ಹೆಮ್ಮೆಯಿಂದ ಹೇಳ್ದೆ, 2022ರ ಸೀಸನ್ನಲ್ಲಿ ಆರು ಮಷೀನ್ ಹೋಗಿದೆ, ಯೂಟ್ಯೂಬಲ್ಲಿ ವಿಡಿಯೋ ಇದೆ, ಚೆನ್ನಾಗಿ ಓಡ್ತಿದೆ ಅಂತ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹೇಳಿದ್ರು, ಹಾಗಾದ್ರೆ ಆ ಬಾಚಣಿಗೆ ಹೋಯ್ತು ಅಣ್ಣ.

ಎಂತ ಅಂದ್ರೆ ಪೇಟೆಂಟ್ ಕೊಡ್ಬೇಕು ಅಂದ್ರೆ ಅದು ಹೊಸದಾಗಿರ್ಬೇಕು, ಹೊಸದು ಅಂದ್ರೆ ಅರ್ಜಿ ಹಾಕೋ ದಿನಕ್ಕೆ ಪ್ರಪಂಚದಲ್ಲಿ ಎಲ್ಲೂ ಜನಕ್ಕೆ ಗೊತ್ತಿರಬಾರದು. ನೀವೇ ತೋರ್ಸಿದ್ರೂ ಅಷ್ಟೇ, ನಿಮ್ಮದೇ ವಿಡಿಯೋ ನಿಮ್ಮ ವಿರುದ್ಧ ಸಾಕ್ಷಿ. ಪ್ರೊವಿಷನಲ್ ಜೀವಂತ ಇದ್ದಿದ್ರೆ ಅದರ ತಾರೀಖಿನ ಹಿಂದೆ ನಾನು ಅಡಗಿಕೊಳ್ಬಹುದಿತ್ತು, ಮಾರಿದ್ದೆಲ್ಲ ಆಮೇಲಿಂದು ಅಂತ ತೋರಿಸ್ಬಹುದಿತ್ತು. ಅದು ಸತ್ತ ಮೇಲೆ ತಾರೀಖೂ ಸತ್ತಿತು. ಹೊಸ ಅರ್ಜಿಗೆ ಹೊಸ ತಾರೀಖು, ಅಷ್ಟೊತ್ತಿಗೆ ಆರು ಮನೆ ಅಂಗಳದಲ್ಲಿ ಮಷೀನ್ ಓಡಿ ಆಗಿದೆ. ನಾನೂ ಮಾಡ್ಸೋಕಾಗಲ್ಲ, ಬೇರೆ ಯಾರೂ ಮಾಡ್ಸೋಕಾಗಲ್ಲ, ಊರಿಗೆ ಬಿಟ್ಟ ಬಸವ ಆಯ್ತು ಅದು. ಕೃಷಿ ಮೇಳದಲ್ಲಿ ಇಡ್ತೀನಿ ಅನ್ನೋರೂ ಸ್ವಲ್ಪ ನಿಧಾನ ಮಾಡಿ, ಸರ್ಕಾರ ಗೆಜೆಟಲ್ಲಿ ಹೆಸರಿಸಿರೋ ಪ್ರದರ್ಶನಕ್ಕೆ ಮಾತ್ರ 12 ತಿಂಗಳ ವಿನಾಯಿತಿ ಇರೋದು, ಪೆಂಡಾಲ್ ಹಾಕಿದ್ದಕ್ಕೆಲ್ಲ ಇಲ್ಲ.

ಇನ್ನೊಂದು ಶಾಕ್ ಆ ಕೆಂಪು ಸ್ಟಿಕರ್. ಪೇಟೆಂಟ್ ಸಿಗದೇ ಇರೋದಕ್ಕೆ ಪೇಟೆಂಟೆಡ್ ಅಂತ ಹಾಕಿ ಮಾರೋದು ತಪ್ಪು, ಈಗಿನ ಕಾನೂನಲ್ಲಿ 10 ಲಕ್ಷದ ತನಕ ದಂಡ ಹಾಕ್ಬಹುದು. ನಾನು ಮತ್ತೆ ಭಾವನ ಮಗ ಬೈಕಲ್ಲಿ ಆರೂ ಮನೆಗೆ ಹೋಗಿ ಸ್ಟಿಕರ್ ಕೆರೆದು ಬಂದ್ವಿ. ಒಂದು ಮನೇಲಿ ಹೆಗಡೆಯವರು, ಪಾಪ, ಎಂತಕ್ಕೆ ತೆಗೀತೀಯ, ಇದನ್ನ ನೋಡಿಯೇ ನಾನು ತಗೊಂಡಿದ್ದು ಅಂದ್ರು. ಎಂತ ಉತ್ತರ ಕೊಡೋದು.

ಸರಿ, ಎಲ್ಲಾ ಮುಗೀತು ಅಂತ ಕೂತಿದ್ದಾಗ ಮೇಡಂ ಕೇಳಿದ್ರು, ಆ ಆರು ಮಷೀನ್ ಆದ್ಮೇಲೆ ಏನಾದ್ರೂ ಬದಲಾಯಿಸಿದೀರಾ. ಬದಲಾಯಿಸಿದ್ವಿ. ಆದ್ರೆ ಅದು ನನ್ನ ತಲೆ ಅಲ್ಲ.

ಹಳೇ ಬಾಚಣಿಗೆಗೆ ಇದ್ದ ರೋಗ ಎಂತ ಅಂದ್ರೆ ಅದು ರೋಲರಿಂದ ನಾರು ಕೀಳ್ತಿತ್ತು, ಆದ್ರೆ ಅದರ ಹಲ್ಲಿಗೇ ನಾರು ತುಂಬ್ಕೊಳ್ತಿತ್ತು, ತಲೆ ಬಾಚಿದ ಬಾಚಣಿಗೆ ಹಾಗೆ. ನನ್ನ ಹೆಂಡತಿ ಮನೇಲಿ ಬ್ಲೌಸ್ ಹೊಲೀತಾಳೆ. ಒಂದಿನ ಚಹಾ ಕೊಡೋಕೆ ವರ್ಕ್‌ಶಾಪಿಗೆ ಬಂದೋಳು ನಾನು ಬಾಚಣಿಗೆ ಕ್ಲೀನ್ ಮಾಡೋದು ನೋಡಿ, ನಮ್ಮ ಹೊಲಿಗೆ ಮಷೀನ್ ಹಲ್ಲಿಗೆ ದಾರ ಹೀಗೆ ಸುತ್ಕೊಳ್ಳಲ್ವಲ್ಲ ಅಂದ್ಳು. ಹೊಲಿಗೆ ಮಷೀನ್ ಸೂಜಿ ಕೆಳಗಿನ ತಟ್ಟೆ ನೋಡಿ ಬೇಕಾದ್ರೆ, ಅದರ ಸೀಳಲ್ಲಿ ಸಣ್ಣ ಹಲ್ಲು ಮೇಲೆ ಬರುತ್ತೆ, ಬಟ್ಟೆ ಮುಂದೆ ತಳ್ಳುತ್ತೆ, ಕೆಳಗೆ ಮುಳುಗುತ್ತೆ, ಹಿಂದೆ ಹೋಗುತ್ತೆ, ಮತ್ತೆ ಮೇಲೆ. ಹಲ್ಲು ತಟ್ಟೆಯೊಳಗೆ ಮುಳುಗಿದಾಗ ಅದಕ್ಕೆ ಅಂಟಿಕೊಂಡಿದ್ದು ತಟ್ಟೆ ಮೇಲೇ ಉಳಿಯುತ್ತೆ. ಹಾಗೇ ಮಾಡಿದ್ವಿ. ಬಾಚಣಿಗೆಗೆ ಒಂದು ಕ್ಯಾಮ್, ಅಂದ್ರೆ ತಿರುಗ್ತಾ ಹಲ್ಲನ್ನ ಹಿಂದೆ ಮುಂದೆ ಆಡಿಸೋ ಉಬ್ಬು ಚಕ್ರ, ಕೂರ್ಸಿ, ಸೀಳಿರೋ ಒಂದು ತಗಡಿನ ಮೂಲಕ ಹಲ್ಲು ಬಂದು ನಾರು ಎಳೆದು ವಾಪಸ್ ಮುಳುಗೋ ಹಾಗೆ, ಮುಳುಗಿದಾಗ ತಗಡು ನಾರನ್ನ ಕೆರೆದು ಕೆಳಗೆ ಬೀಳಿಸುತ್ತೆ. ಕ್ಯಾಮಿನ ಎರಕ ಮಾಚೇನಹಳ್ಳಿ ಕಡೆ ಫೌಂಡ್ರಿಯಲ್ಲಿ ಮಾಡ್ಸಿದ್ದು. ಇದನ್ನ ನಮ್ಮ ಕೊಟ್ಟಿಗೆ ಪಕ್ಕ ಬಿಟ್ರೆ ಎಲ್ಲೂ ಓಡ್ಸಿರ್ಲಿಲ್ಲ, ವಿಡಿಯೋನೂ ಇಲ್ಲ.

ಮೇಡಂ ಒಂದು ಭಾನುವಾರ ರೈಲಲ್ಲಿ ಶಿವಮೊಗ್ಗಕ್ಕೆ ಬಂದು ಅಲ್ಲಿಂದ ಬಸ್ ಹಿಡಿದು ವರ್ಕ್‌ಶಾಪಿಗೇ ಬಂದ್ರು. ನಾಲ್ಕು ಗಂಟೆ ಕೂತಿದ್ರು. ಮಷೀನ್ ಓಡ್ಸಿ ಅಂದ್ರು, ತಗಡು ತೆಗೆದು ಓಡ್ಸಿ ಅಂದ್ರು, ಕ್ಯಾಮ್ ಲಾಕ್ ಮಾಡಿ ಓಡ್ಸಿ ಅಂದ್ರು, ಹಲ್ಲು ಎಂಟರ ಬದಲು ಮೂರಿದ್ರೆ ನಡೆಯುತ್ತಾ, ಕಬ್ಬಿಣದ ಬದಲು ಪ್ಲಾಸ್ಟಿಕ್ ಆದ್ರೆ, ಕ್ಯಾಮ್ ಬದಲು ಬೇರೆ ಎಂತದೋ ಹಾಕಿದ್ರೆ. ನಂಗೆ ಕಿರಿಕಿರಿ ಆಯ್ತು, ಎಂಟೇ ಹಲ್ಲು ಮೇಡಂ, ಅದೇ ಸರಿ ಅಂದೆ. ಆಗ ಹೇಳಿದ್ರು, ಎಂಟು ಹಲ್ಲಿನ ಕಬ್ಬಿಣದ ಬಾಚಣಿಗೆ ಅಂತ ನಾನು ಬರೆದ್ರೆ ನಾಳೆ ಇನ್ನೊಬ್ಬ ಏಳು ಹಲ್ಲಿಂದು ಮಾಡಿ ಮಾರ್ತಾನೆ, ನೀವು ಎಂತ ಮಾಡೋಕಾಗುತ್ತೆ.

ಇದೇ ನೋಡಿ ಇಡೀ ವಿಷಯ. ಪೇಟೆಂಟ್ ಬರಹದ ಕೊನೆಯಲ್ಲಿ ಕ್ಲೇಮ್ಸ್ ಅಂತ ಬರುತ್ತೆ, ತೋಟಕ್ಕೆ ಬೇಲಿ ಹಾಕಿದ ಹಾಗೆ. ಅದಕ್ಕಿಂತ ಮುಂಚಿನ ಪುಟಗಳಲ್ಲಿ ಎಷ್ಟು ವರ್ಣನೆ ಇದ್ರೂ ನಿಮ್ಮದು ಅಂತ ಕಾನೂನು ನೋಡೋದು ಬೇಲಿಯ ಒಳಗಿರೋದನ್ನ ಮಾತ್ರ. ಬೇಲಿ ಬಹಳ ಅಗಲ ಹಾಕಿದ್ರೆ ಹಳೇ ಮಷೀನುಗಳೆಲ್ಲ ಒಳಗೆ ಬಂದು ಇದು ಹೊಸದಲ್ಲ ಅಂತ ತೆಗೆದುಬಿಡ್ತಾರೆ, ಬಹಳ ಬಿಗಿ ಹಾಕಿದ್ರೆ ಪಕ್ಕದಿಂದ ನುಗ್ಗಿ ಹೋಗ್ತಾರೆ. ನಮ್ಮ ಮೊದಲ ಕ್ಲೇಮಲ್ಲಿ ಎಂಟು ಅನ್ನೋ ಸಂಖ್ಯೆನೇ ಇಲ್ಲ, ಕಬ್ಬಿಣನೂ ಇಲ್ಲ. ಸೀಳು ಇರೋ ತಗಡು, ಅದರ ಮೂಲಕ ಹೊರಬಂದು ಹಿಂದೆ ಮುಳುಗೋ ಹಲ್ಲುಗಳು, ಮುಳುಗುವಾಗ ತಗಡೇ ನಾರು ಬಿಡಿಸೋದು, ಇಷ್ಟು ಇದೆ. ಎಂಟು ಹಲ್ಲು, ಕ್ಯಾಮಿನ ಆಕಾರ ಎಲ್ಲ ಆಮೇಲಿನ ಸಣ್ಣ ಕ್ಲೇಮುಗಳಲ್ಲಿ. ಒಟ್ಟು 12 ಕ್ಲೇಮ್, 27 ಪುಟ. 10 ಕ್ಲೇಮ್, 30 ಪುಟದ ತನಕ ಫೀಸ್ ಒಳಗೇ ಬರುತ್ತೆ, ಜಾಸ್ತಿ ಆದ ಪ್ರತಿ ಕ್ಲೇಮಿಗೆ 320. ನಮ್ಮ ಹಳೇ ಎಂಟು ಹಲ್ಲಿನ ಮಷೀನನ್ನ ಅವರು ಮೊದಲ ಪುಟದಲ್ಲೇ ಹಳೇ ಕಾಲದ ವಿಧಾನ ಅಂತ ಬರೆದು ಅದರ ಕೊರತೆ ಎಲ್ಲ ಬಿಡಿಸಿ ಹೇಳಿದ್ರು, ಓದಿಸಿ ಕೇಳಿದಾಗ ಹೊಟ್ಟೆ ಉರೀತು, ನಾನೇ ಮಾಡಿದ್ದಲ್ವಾ ಅದು!

ಮಧ್ಯಾಹ್ನ ಊಟಕ್ಕೆ ಕೂತಾಗ ಮೇಡಂ ಉತ್ತರ ಪ್ರದೇಶದ ಮಿರ್ಜಾಪುರದ ಕೇಸ್ ಹೇಳಿದ್ರು. ಅಲ್ಲಿ ಪಾತ್ರೆ ಮಾಡೋರು, ಲೇತಲ್ಲಿ ಪಾತ್ರೆ ಹಿಡಿದು ಪಾಲಿಶ್ ಮಾಡೋ ಒಂದು ವಿಧಾನಕ್ಕೆ ಪೇಟೆಂಟ್ ತಗೊಂಡಿದ್ರಂತೆ, ಇನ್ನೊಬ್ಬರು ಅದನ್ನೇ ಮಾಡಿದ್ರು ಅಂತ ಕೋರ್ಟಿಗೆ ಹೋಗಿ, ಅದು ಸುಪ್ರೀಂ ಕೋರ್ಟ್ ತನಕ ಹತ್ತಿ, 1978ರಲ್ಲಿ ಕೋರ್ಟು ಇದು ಬರೀ ವರ್ಕ್‌ಶಾಪ್ ಸುಧಾರಣೆ, ಕಸುಬು ಗೊತ್ತಿರೋ ಯಾರಿಗಾದ್ರೂ ಹೊಳೆಯೋ ಅಂಥದ್ದು, ಪೇಟೆಂಟಿಗೆ ಅದಕ್ಕಿಂತ ಹೆಚ್ಚಿಂದು ಬೇಕು ಅಂತ ಪೇಟೆಂಟನ್ನೇ ಕಿತ್ತು ಹಾಕ್ತು. ನನ್ನಂಥ ಲೇತಿನವನಿಗೆ ಇದು ನೇರ ಎದೆಗೆ ಬಂದು ಕೂತ್ಕೊಳ್ತು, ನಾವು ಮಾಡೋದು ಮುಕ್ಕಾಲು ಪಾಲು ಅದೇ ತಾನೇ, ನಟ್ ಜಾಗದಲ್ಲಿ ಬೋಲ್ಟ್. ಹೊಸದಾಗಿದ್ರೆ ಸಾಲದು, ಆ ಕಸುಬಿನವನಿಗೆ ತಕ್ಷಣ ಹೊಳೆಯೋ ಹಾಗೂ ಇರಬಾರದು, ಮೂರನೇದು ತಯಾರು ಮಾಡಿ ಬಳಸೋ ಹಾಗಿರ್ಬೇಕು.

ಹೆಂಡತಿ ವಿಷಯಕ್ಕೆ ಬರ್ತೀನಿ. ಮೇಡಂ ಇದು ಯಾರ ಐಡಿಯಾ ಅಂತ ಕೇಳಿದ್ರು, ಮನೆಯವಳು ಹೇಳಿದ್ದು ಅಂತ ಹಗುರವಾಗಿ ಹೇಳ್ದೆ. ಹಾಗಾದ್ರೆ ಇನ್ವೆಂಟರ್ ಅಂತ ಅವರ ಹೆಸರು ಬರ್ಲೇಬೇಕು, ನಿಜವಾಗಿ ಯೋಚನೆ ಮಾಡಿದವರನ್ನ ಬಿಟ್ಟು ಡಿಕ್ಲರೇಷನ್ ಕೊಡೋಕಾಗಲ್ಲ ಅಂದ್ರು. ಇವಳು ಅಡುಗೆಮನೆಯಿಂದಾನೇ, ಅಯ್ಯೋ ನಂದೆಂತಕ್ಕೆ, ಬರೀ ಒಂದು ಮಾತು ಹೇಳಿದ್ದಷ್ಟೇ ಅಂದ್ಳು. ಆ ಒಂದು ಮಾತೇ ಅಕ್ಕ ಇಲ್ಲಿರೋದು, ಮಿಕ್ಕಿದ್ದು ವೆಲ್ಡಿಂಗ್ ಅಂದ್ರು ಮೇಡಂ. ನಂಗೆ ಸ್ವಲ್ಪ ಚುರುಕ್ ಅಂತು, ಆದ್ರೆ ಸತ್ಯ. ಇದರಿಂದ ಇವಳೂ ಅರ್ಜಿದಾರಳಾಗಿ ನಾವು ನೆನೆಸದ ಒಂದು ಲಾಭ ಆಯ್ತು, ಅರ್ಜಿದಾರರಲ್ಲಿ ಒಬ್ಬ ಹೆಣ್ಣುಮಗಳು ಇದ್ರೆ ಬೇಗ ಪರೀಕ್ಷೆ ಮಾಡಿ ಅಂತ ಫಾರ್ಮ್ 18ಎ ಹಾಕ್ಬಹುದು. 2019ರಿಂದ ಇದೆ ಇದು. ಎಷ್ಟೋ ಜನಕ್ಕೆ ಗೊತ್ತಿಲ್ಲ, ಆ ಪ್ಯಾಕೇಜ್ ಹುಡುಗನಿಗಂತೂ ಖಂಡಿತ ಗೊತ್ತಿರ್ಲಿಲ್ಲ. ಸುಮ್ಮನೆ ಹೆಸರು ಸೇರಿಸ್ಬೇಡಿ ಮತ್ತೆ, ಅವರಿಗೆ ಹಕ್ಕು ಇರ್ಬೇಕು.

ಅರ್ಜಿ ಹಾಕಿದ್ದು 2024ರ ಏಪ್ರಿಲಲ್ಲಿ, ಈ ಸಲ ಪ್ರೊವಿಷನಲ್ ಗೊಡವೆ ಇಲ್ಲ, ನೇರ ಕಂಪ್ಲೀಟ್. ದೇಶದಲ್ಲಿ ನಾಲ್ಕು ಪೇಟೆಂಟ್ ಆಫೀಸ್, ಕೋಲ್ಕತ್ತಾ, ದೆಹಲಿ, ಮುಂಬೈ, ಚೆನ್ನೈ, ಕರ್ನಾಟಕದೋರದ್ದು ಚೆನ್ನೈಗೆ ಹೋಗುತ್ತೆ, ಎಲ್ಲಾ ಆನ್‌ಲೈನ್, ನಾನು ಚೆನ್ನೈ ಮುಖ ನೋಡಿಲ್ಲ. ಸರ್ಕಾರಿ ಖರ್ಚು ಬಿಡಿಸಿ ಹೇಳ್ತೀನಿ, ಇದನ್ನೇ ಎಲ್ಲರೂ ಮುಚ್ಚಿಡೋದು. ವ್ಯಕ್ತಿಗಳಿಗೆ ಅರ್ಜಿ ಫೀಸ್ 1,600, ಹೆಚ್ಚುವರಿ ಎರಡು ಕ್ಲೇಮಿಗೆ 640, ಬೇಗ ಪ್ರಕಟಣೆಗೆ ಫಾರ್ಮ್ 9 ಹಾಕಿದ್ದಕ್ಕೆ 2,500, ಫಾರ್ಮ್ 18ಎಗೆ 8,000. ಒಟ್ರಾಶಿ 12,740. ದೊಡ್ಡ ಕಂಪನಿಗಳಿಗೆ ಇದು ಐದು ಪಟ್ಟು, ಇನ್ನೂ ಜಾಸ್ತಿ. ಅವಸರ ಇಲ್ದೋರು ಫಾರ್ಮ್ 9 ಬಿಟ್ಟು ಮಾಮೂಲಿ ಫಾರ್ಮ್ 18 ಹಾಕ್ಬಹುದು, ಅದಕ್ಕೆ 4,000. ಆಗ ಅರ್ಜಿ 18 ತಿಂಗಳಾದ್ಮೇಲೆ ತಾನಾಗೇ ಪ್ರಕಟ ಆಗುತ್ತೆ, ಶುಕ್ರವಾರ ಶುಕ್ರವಾರ ಅವರ ಜರ್ನಲ್ ಬರುತ್ತೆ ಅದರಲ್ಲಿ. ಒಂದು ಮಾತ್ರ ಗಮನ ಇರ್ಲಿ, ಅರ್ಜಿ ಹಾಕಿದ್ರೆ ಸಾಕು ಅವರೇ ಪರೀಕ್ಷೆ ಮಾಡ್ತಾರೆ ಅಂತ ಕಾಯ್ತಾ ಕೂರಬೇಡಿ, ಪರೀಕ್ಷೆ ಮಾಡಿ ಅಂತ ನಾವು ಬೇರೆ ಕೇಳ್ಬೇಕು, ಮೊದಲು ಅದಕ್ಕೆ 48 ತಿಂಗಳು ಟೈಮಿತ್ತು, 2024ರ ಮಾರ್ಚಿಂದ 31 ತಿಂಗಳು ಮಾಡಿದಾರೆ.

ನವೆಂಬರಲ್ಲಿ ಎಫ್‌ಇಆರ್ ಬಂತು, ಮೊದಲ ಪರೀಕ್ಷಾ ವರದಿ. ಅದನ್ನ ನೋಡಿ ನಾನು ರಿಜೆಕ್ಟ್ ಆಯ್ತು ಅಂತ ಕೂತ್ಬಿಟ್ಟೆ, ಎಲ್ಲಾ ಕ್ಲೇಮಿಗೂ ಆಕ್ಷೇಪ. ಮೇಡಂ ನಕ್ಕು, ಇದು ಎಲ್ಲರಿಗೂ ಬರೋದೇ, ಉತ್ತರ ಕೊಡೋಕೆ ಆರು ತಿಂಗಳಿದೆ ಅಂದ್ರು. ಎಕ್ಸಾಮಿನರ್ ಎರಡು ಹಳೇ ದಾಖಲೆ ಹುಡುಕಿದ್ರು, ಒಂದು ಹಳೇ ಅಡಿಕೆ ಸುಲಿಯೋ ಮಷೀನು, ಇನ್ನೊಂದು ಚೀನಾದ್ದು ಯಾವುದೋ ತೊಗಟೆ ಬಿಡಿಸೋ ಮಷೀನು, ಅದರಲ್ಲೂ ಬಾಚಣಿಗೆ ಇದೆ. ಎರಡೂ ಸೇರಿಸಿದ್ರೆ ನಿಮ್ಮದೇ ಆಗುತ್ತಲ್ಲ ಅನ್ನೋದು ಅವರ ವಾದ. ಮೇಡಂ ಉತ್ತರ ಏನಂದ್ರೆ, ಚೀನಾದ ಬಾಚಣಿಗೆ ಕೂತಲ್ಲೇ ಕೂತಿರುತ್ತೆ, ಮುಳುಗಲ್ಲ, ಅದನ್ನ ಕ್ಲೀನ್ ಮಾಡೋಕೆ ಮಷೀನ್ ನಿಲ್ಲಿಸ್ಲೇಬೇಕು, ನಮ್ಮದ್ರಲ್ಲಿ ನಿಲ್ಲಿಸೋದೇ ಬೇಡ. ಪುರಾವೆ ಕೊಡಿ ಅಂದ್ರು ನಂಗೆ. ನನ್ನ ಹತ್ರ ಎಂತ ಪುರಾವೆ. ಆಗ ಇವಳು ಗೋಡೆಯಿಂದ ಕ್ಯಾಲೆಂಡರ್ ಇಳಿಸಿ ತಂದ್ಳು. ಸೀಸನ್ ಪೂರ್ತಿ ದಿನಕ್ಕೆ ಮಷೀನ್ ಎಷ್ಟು ಸಲ ನಿಂತಿತು ಅಂತ ಏಕಾದಶಿ, ಸಂಕಷ್ಟಿ ಪಕ್ಕದಲ್ಲೇ ಪೆನ್ಸಿಲಲ್ಲಿ ಗೀಟು ಎಳೆದಿದ್ಳು, ಹಾಲಿನ ಲೆಕ್ಕ ಬರೆದ ಹಾಗೆ. ಹಳೇ ಬಾಚಣಿಗೆ ಇದ್ದ ದಿನ ಹದಿನಾಲ್ಕು ಗೀಟು, ಹೊಸದು ಕೂರ್ಸಿದ ದಿನದಿಂದ ಎರಡು, ಒಂದು, ಎರಡು. ಅದನ್ನ ಟೇಬಲ್ ಮಾಡಿ ಉತ್ತರದ ಜೊತೆ ಕಳಿಸಿದ್ರು.

ಹಿಯರಿಂಗ್ ವಿಡಿಯೋ ಕಾಲಲ್ಲಿ ಆಯ್ತು. ನಾವು ಗಂಡ ಹೆಂಡ್ತಿ ಒಳ್ಳೇ ಬಟ್ಟೆ ಹಾಕ್ಕೊಂಡು ಕೂತ್ವಿ, ಸರಿಯಾಗಿ ಆ ಟೈಮಿಗೆ ಕರೆಂಟ್ ಹೋಯ್ತು, ಮೊಬೈಲಲ್ಲಿ ನೆಟ್ವರ್ಕ್ ಒಂದು ಕಡ್ಡಿ. ಮೇಡಂ ಒಬ್ಬರೇ ಮಾತಾಡಿ ಮುಗಿಸಿದ್ರು. ಒಂದು ಕ್ಲೇಮ್ ಸ್ವಲ್ಪ ಬಿಗಿ ಮಾಡ್ಬೇಕಾಯ್ತು. 2025ರ ಆಗಸ್ಟಲ್ಲಿ ಗ್ರಾಂಟ್ ಆಯ್ತು, ಅಂದ್ರೆ ಪೇಟೆಂಟ್ ಸಿಕ್ತು. ಅರ್ಜಿ ಹಾಕಿದ ದಿನದಿಂದ 20 ವರ್ಷ, ಸಿಕ್ಕಿದ ದಿನದಿಂದ ಅಲ್ಲ.

ಈಗ ಮೇಡಂ ಬಗ್ಗೆ ದೂರು. ಬರೀ ಹೊಗಳಿದ್ರೆ ರಿವ್ಯೂ ಆಗಲ್ಲ. ಒಂದು, ದುಡ್ಡು ಕಮ್ಮಿ ಅಲ್ಲ. ಬರೆಯೋದಕ್ಕೆ 45,000, ಮೇಲೆ ಜಿಎಸ್‌ಟಿ. ಎಫ್‌ಇಆರ್ ಉತ್ತರಕ್ಕೆ ಬೇರೆ 20,000, ಇದನ್ನ ಮೊದಲೇ ಬಾಯಿಬಿಟ್ಟು ಹೇಳಿರ್ಲಿಲ್ಲ, ಕಾಗದದಲ್ಲಿ ಇತ್ತಂತೆ. ಅಡಿಕೆ ರೇಟು ಆಗ ಚೆನ್ನಾಗಿತ್ತು, ರಿಪೇರಿ ದುಡ್ಡು ಬೇಗ ಬಂತು, ಇಲ್ದಿದ್ರೆ ಕಷ್ಟ ಇತ್ತು. ಎರಡು, ಹಗಲು ಫೋನ್ ಎತ್ತಲ್ಲ, ರಾತ್ರಿ ಒಂಬತ್ತರ ಮೇಲೆ ವಾಯ್ಸ್ ಮೆಸೇಜ್ ಬರುತ್ತೆ. ಮೂರು, ಚಿತ್ರ ಬರೆಯೋರು ಬೇರೆ ಯಾರೋ, ಅವರಿಂದ ಒಂದೂವರೆ ತಿಂಗಳು ತಡ ಆಯ್ತು, ಮೊದಲ ಸಲ ಬಂದ ಚಿತ್ರದಲ್ಲಿ ರೋಲರ್ ಉಲ್ಟಾ ತಿರುಗ್ತಿತ್ತು. 27 ಪುಟ ಇಂಗ್ಲಿಷಲ್ಲಿ ಬಂತು, ನಂಗೆ ಅರ್ಥ ಆಗ್ಲಿಲ್ಲ, ಅದಕ್ಕೆ ಮಾತ್ರ ಕ್ಲೇಮ್ ಒಂದೊಂದಾಗಿ ಕನ್ನಡದಲ್ಲಿ ಹೇಳಿ ಕಳಿಸಿದ್ರು, ನಾನೂ ಇವಳೂ ರಾತ್ರಿ ಕೂತು ಕೇಳಿ ತಪ್ಪು ಹಿಡಿದ್ವಿ, ಎರಡು ತಪ್ಪು ಸಿಕ್ತು ಕೂಡ. ನಾಲ್ಕೂವರೆ ಸ್ಟಾರ್.

ಅವರು ಬೇಡ ಅಂದಿದ್ದನ್ನೂ ಹೇಳ್ಬೇಕು, ನಂಗೆ ಬಹಳ ಹಿಡಿಸಿದ್ದು ಇದೇ. ಅವತ್ತು ಮೇಡಂ ಬಂದಿದಾರೆ ಅಂತ ಸುದ್ದಿ ಹಬ್ಬಿ ಮೂರು ಜನ ಬಂದ್ರು. ಪಕ್ಕದ ಮನೆ ದೊಡ್ಡಮ್ಮ ನೆಗಡಿ ಕಷಾಯಕ್ಕೆ ಪೇಟೆಂಟ್ ಮಾಡ್ಸಿ ಅಂದ್ರು, ಅಜ್ಜಿ ಕಾಲದ ತಿಳುವಳಿಕೆಗೆ ನಮ್ಮ ಕಾನೂನಲ್ಲಿ ಪೇಟೆಂಟ್ ಇಲ್ಲ ಅಂದ್ರು. ಅಮೆರಿಕಾದಲ್ಲಿ ಗಾಯಕ್ಕೆ ಅರಿಶಿನ ಹಚ್ಚೋದಕ್ಕೆ 1995ರಲ್ಲಿ ಪೇಟೆಂಟ್ ಕೊಟ್ಟು, ನಮ್ಮ ಕೇಂದ್ರ ಸರ್ಕಾರದ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ನೋರು ಹಳೇ ಪುಸ್ತಕ ತೋರಿಸಿ 1997ರಲ್ಲಿ ರದ್ದು ಮಾಡ್ಸಿದ ಕತೆ ಹೇಳಿದ್ರು, ದೊಡ್ಡಮ್ಮ ಅರಿಶಿನಕ್ಕೂ ಬಿಡ್ಲಿಲ್ವಾ ಅಂತ ಬಾಯಿ ಮೇಲೆ ಕೈ ಇಟ್ರು. ಇನ್ನೊಬ್ಬರು ತೋಟಕ್ಕೆ ಗೊಬ್ಬರ ಕೊಡೋ ಹೊಸ ಪದ್ಧತಿ, ಬೇಸಾಯದ ಪದ್ಧತಿಗೆ ಇಲ್ಲ ಅಂದ್ರು. ಕಾಲೇಜ್ ಹುಡುಗನೊಬ್ಬ ಆಪ್ ಮಾಡಿದೀನಿ ಅಂದ, ಬರೀ ಕಂಪ್ಯೂಟರ್ ಪ್ರೋಗ್ರಾಂ ಅಷ್ಟೇ ಆದ್ರೆ ಆಗಲ್ಲ ಅಂದ್ರು. ಮೂರು ಜನ, ಮೂರು ಫೀಸ್, ಮೂರನ್ನೂ ಬಿಟ್ಟು ಬಸ್ ಹತ್ತಿದ್ರು. ಪ್ಯಾಕೇಜಿನವರಾಗಿದ್ರೆ ಮೂರು 14,999 ಅಲ್ಲೇ ವಸೂಲಿ.

ದುಡ್ಡೇ ಇಲ್ಲ ಅನ್ನೋರಿಗೆ, ಹಳ್ಳಿ ಕಡೆ ತಾವೇ ಏನಾದ್ರೂ ಕಂಡುಹಿಡಿದೋರಿಗೆ ಗುಜರಾತಿನ ನ್ಯಾಷನಲ್ ಇನ್ನೋವೇಷನ್ ಫೌಂಡೇಶನ್ ಪೇಟೆಂಟ್ ಕೆಲಸಕ್ಕೆ ನೆರವು ಕೊಡುತ್ತೆ, ಬೆಂಗಳೂರಲ್ಲಿ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಕೆಎಸ್‌ಸಿಎಸ್‌ಟಿಯಲ್ಲಿ ಪೇಟೆಂಟ್ ಮಾಹಿತಿ ಕೇಂದ್ರ ಇದೆ. ನಂಗೆ ಇದು ಗೊತ್ತಾಗಿದ್ದು ದುಡ್ಡು ಕೊಟ್ಟ ಮೇಲೆ, ನೀವಾದ್ರೂ ಮೊದಲೇ ಕೇಳಿ ನೋಡಿ. ಏಜೆಂಟ್ ಇಲ್ದೇ ನೀವೇ ಹಾಕ್ಬಹುದು, ಕಾನೂನು ಬೇಡ ಅನ್ನಲ್ಲ. ನಾನಂತೂ ಆ ಕ್ಲೇಮ್ ಬರೀತಿದ್ರೆ ಎಂಟು ಹಲ್ಲಿನ ಕಬ್ಬಿಣದ ಬಾಚಣಿಗೆ ಅಂತಾನೇ ಬರೀತಿದ್ದೆ.

ಪೇಟೆಂಟ್ ಬಂದ್ಮೇಲೆ ಪೊಲೀಸರು ಬಂದು ಕಾಪಿ ಹೊಡೆಯೋರನ್ನ ಹಿಡೀತಾರಾ ಅಂತ ಎಲ್ಲರೂ ಕೇಳ್ತಾರೆ. ಇಲ್ಲ. ನಾವೇ ಜಿಲ್ಲಾ ಕೋರ್ಟಲ್ಲಿ ದಾವೆ ಹಾಕ್ಬೇಕು, ಅವನು ತಿರುಗಿ ಪೇಟೆಂಟೇ ಸರಿ ಇಲ್ಲ ಅಂದ್ರೆ ಹೈಕೋರ್ಟಿಗೆ ಹೋಗುತ್ತೆ. ಭಾರತದ ಒಳಗೆ ಮಾತ್ರ ನಡೆಯುತ್ತೆ, ಹೊರದೇಶಕ್ಕೆ ಬೇರೆ ಬೇರೆ ಹಾಕ್ಬೇಕು. ಗ್ರಾಂಟ್ ಪ್ರಕಟ ಆದ್ಮೇಲೆ ಒಂದು ವರ್ಷದ ತನಕ ಆ ವಿಷಯಕ್ಕೆ ಸಂಬಂಧಪಟ್ಟೋರು ಆಕ್ಷೇಪ ಹಾಕ್ಬಹುದು, ಆ ದಿನ ಇನ್ನೂ ದಾಟಿಲ್ಲ. ಮೂರನೇ ವರ್ಷದಿಂದ ಫೀಸ್ ಕಟ್ತಾ ಹೋಗ್ಬೇಕು, ಮೊದಲ ನಾಲ್ಕು ಸಲ ವರ್ಷಕ್ಕೆ 800, ಆಮೇಲೆ ಏರ್ತಾ ಹೋಗಿ ಕೊನೆ ಕೊನೆಗೆ ವರ್ಷಕ್ಕೆ 8,000, ಕಟ್ಟದೇ ಬಿಟ್ರೆ ಪೇಟೆಂಟ್ ಹೋಯ್ತು.

ಮೊದಲ 800ಕ್ಕೆ 2026ರ ಏಪ್ರಿಲ್ ಗಡುವು. ನಾನು ಮೊಬೈಲಲ್ಲಿ ಅಲಾರಂ ಇಡ್ತೀನಿ ಅಂದೆ. ಇವಳು ನನ್ನ ಮುಖ ನೋಡಿ, ಮೇಲ್ ನೋಡ್ದೋನು ಅಲಾರಂ ನೋಡ್ತೀಯಾ ಅಂತ ಹೇಳಿ, ಪೇಟೆ ಅಂಗಡಿಯಿಂದ ಹೊಸ ವರ್ಷದ ಕ್ಯಾಲೆಂಡರ್ ಬಂದ ದಿನವೇ ಏಪ್ರಿಲ್ ಪುಟ ತೆಗೆದು, ಗ್ಯಾಸ್ ಬುಕ್ಕಿಂಗ್ ಬರೆಯೋ ಜಾಗದಲ್ಲಿ ಪೇಟೆಂಟ್ 800 ಅಂತ ಪೆನ್ಸಿಲಲ್ಲಿ ಬರೆದಿಟ್ಟಿದಾಳೆ.